ಬಟ್ಟಲು ಕೈಗೆತ್ತಿಕೊಳ್ಳುವ ಮೊದಲು: ಸಭೆಯ ಸೇವೆಗೆ ಹೊಸದಾಗಿ ಬಂದವರಿಗೆ

ನಮ್ಮ ಕ್ರೈಸ್ತ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ಮರಣವನ್ನು ನೆನೆದು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಆರಾಧನೆ. ಅದರ ಹಿಂದಿನ ಶನಿವಾರ ಸಂಜೆ ದೇವಾಲಯದ ಹಿಂಬದಿಯ ಕೋಣೆ ತೆರೆದು 150 ಸಣ್ಣ ಗಾಜಿನ ಬಟ್ಟಲುಗಳನ್ನು ತೊಳೆದು, ಒರೆಸಿ, ತಟ್ಟೆಯಲ್ಲಿ ಜೋಡಿಸುವುದು 2002ರಿಂದ ನನ್ನ ಪಾಲಿನ ಸೇವೆ. ಉಡುಪಿ-ಮಂಗಳೂರು ದಾರಿಯಲ್ಲಿ ಬಸ್ ಓಡಿಸುತ್ತಿದ್ದಾಗಲೂ ಈ ಒಂದು ಸಂಜೆಗಾಗಿ ಪಾಳಿ ಬದಲಾಯಿಸಿಕೊಳ್ಳುತ್ತಿದ್ದೆ. ಈಗ ಸಭಾಹಿರಿಯರು ಒಬ್ಬ ಹುಡುಗನನ್ನು ನನ್ನ ಜೊತೆಗೆ ಹಾಕಿದ್ದಾರೆ. ಮೊದಲ ದಿನವೇ ಅವನು, "ಅಂಕಲ್, ಇದರಲ್ಲಿ ಕಲಿಯಲು ಏನೇನಿದೆ, ಬರೆದು ಕೊಡಿ" ಎಂದ. ಅವನಿಗಾಗಿ ಬರೆಯಲು ಕುಳಿತದ್ದು ಇದು. ಸಂಡೇ ಸ್ಕೂಲಿನಲ್ಲಿ ಕಲಿಸುವವರು, ಗಾಯನ ಮಂಡಳಿಯವರು, ದೇವಾಲಯದ ಅಂಗಳ ಗುಡಿಸುವವರು, ಹೊಸದಾಗಿ ಯಾವ ಸೇವೆಗೆ ಬಂದವರಾದರೂ ಓದಬಹುದು.

ಮೊದಲು ಒಂದು ಪುಸ್ತಕ ಇಟ್ಟುಕೊಳ್ಳಿ. ಮಕ್ಕಳು ಬಳಸುವ ನೂರು ಪುಟದ ನೋಟ್‌ಪುಸ್ತಕ ಸಾಕು. ಕರ್ತನು ನಿಮ್ಮನ್ನು ಎಲ್ಲಿಂದ ಎತ್ತಿ ತಂದನು ಎಂಬುದನ್ನು ಅದರ ಮೊದಲ ಪುಟದಲ್ಲಿ ಬರೆಯಿರಿ. "ನಾನು ಪಾಪಿಯಾಗಿದ್ದೆ, ದೇವರು ರಕ್ಷಿಸಿದನು" ಎಂದು ಬರೆದು ಮುಗಿಸಬೇಡಿ. ಅದು ಸತ್ಯವೇ, ಆದರೆ ಎಲ್ಲರೂ ಬರೆಯಬಹುದಾದ ಮಾತು. ಸ್ಥಳ ಬರೆಯಿರಿ, ವರ್ಷ ಬರೆಯಿರಿ, ಆ ದಿನ ಮನೆಯಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂಬುದನ್ನು ಬರೆಯಿರಿ.

ನನ್ನ ಪುಟದಲ್ಲಿ ಇರುವುದು ಹೀಗೆ. 1998ರ ಮಳೆಗಾಲದವರೆಗೆ ನನ್ನ ಸಂಬಳ ಮನೆಗೆ ಬರುವಷ್ಟರಲ್ಲಿ ಅರ್ಧವಾಗಿರುತ್ತಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಆಗ ನಮ್ಮ ಸಭೆಯ ಉಪದೇಶಿಯವರು (ಪಾದ್ರಿಗೆ ನೆರವಾಗುವ ಬೋಧಕರು) ಮೂರು ವಾರ, ಪ್ರತಿ ರಾತ್ರಿ ಎಂಟಕ್ಕೆ ಬಂದು ನನ್ನ ಜಗಲಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಎಂಟರಿಂದ ಹತ್ತು ನಾನು ಕುಡಿಯಲು ಹೋಗುವ ಹೊತ್ತು ಎಂದು ಅವರಿಗೆ ಗೊತ್ತಿತ್ತು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಕೊಡೆ ಮಡಚಿ ಗೋಡೆಗೆ ಒರಗಿಸಿ, ಒಂದು ಕೀರ್ತನೆ ಓದಿ, ಮಳೆ ನೋಡುತ್ತಾ ಕುಳಿತಿರುತ್ತಿದ್ದರು. ಕೊಡೆಯಿಂದ ಇಳಿದ ನೀರು ಜಗಲಿಯ ಉದ್ದಕ್ಕೂ ಹರಿದು ನನ್ನ ಚಪ್ಪಲಿಯ ಹತ್ತಿರ ನಿಲ್ಲುತ್ತಿತ್ತು. ಮೂರನೆಯ ವಾರ ಒಂದು ರಾತ್ರಿ ನಾನಾಗಿಯೇ, "ನನಗೂ ಪ್ರಾರ್ಥನೆ ಮಾಡಲು ಹೇಳಿಕೊಡಿ" ಎಂದು ಕೇಳಿದೆ. ಕ್ರಿಸ್ತನು ನನ್ನ ಪಾಪಕ್ಕಾಗಿ ಸತ್ತನೆಂದು ಚಿಕ್ಕಂದಿನಿಂದ ಕೇಳಿದ್ದೆ. ಅದು ನನಗೇ ಹೇಳಿದ ಮಾತು ಎಂದು ಕೇಳಿಸಿದ್ದು ಆ ರಾತ್ರಿ.

ಪ್ರತಿ ಸೇವೆಯ ಮೊದಲು ಈ ಪುಟವನ್ನು ಒಮ್ಮೆ ಓದಿ. ಬಸ್ ಹೊರಡಿಸುವ ಮುನ್ನ ಚಕ್ರದ ಗಾಳಿ, ಎಣ್ಣೆ, ನೀರು ನೋಡುವುದು ಚಾಲಕನಿಗೆ ಎಷ್ಟು ಅಗತ್ಯವೋ ನನಗೆ ಇದೂ ಅಷ್ಟೇ. ಇದರ ಜೊತೆಗೆ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 1ನೇ ಅಧ್ಯಾಯ, 12ರಿಂದ 17ನೇ ವಚನದವರೆಗೆ ಓದಿ. ಆ ಪತ್ರಿಕೆ ಬರೆದ ಪೌಲನು ಮಾತು ತೆಗೆಯುವುದೇ ಸ್ತೋತ್ರದಿಂದ, ಅಂದರೆ ಕೃತಜ್ಞತೆಯಿಂದ: ಕ್ರಿಸ್ತನು ತನ್ನನ್ನು ನಂಬಿಗಸ್ತನೆಂದು ಎಣಿಸಿ ಸೇವೆಗೆ ನೇಮಿಸಿದನಲ್ಲಾ ಎಂಬ ಸ್ತೋತ್ರ. ಆಮೇಲೆ ತಾನು ದೂಷಕನೂ ಹಿಂಸಕನೂ ಆಗಿದ್ದೆನೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆಮೇಲೆ ಕೃಪೆಯ ಮಾತು. ಹೀಗೆ ರಕ್ಷಣೆಗೂ ಸೇವೆಗೂ ಒಂದೇ ಉಸಿರಿನಲ್ಲಿ ಕೃತಜ್ಞತೆ ಹೇಳುತ್ತಾನೆ. ನಾನು ಬಹಳ ಕಾಲ ಇವೆರಡನ್ನೂ ಬೇರೆ ಬೇರೆ ಮಾಡಿಕೊಂಡಿದ್ದೆ. ರಕ್ಷಣೆ ಉಚಿತ, ಸೇವೆ ಅದರ ಸಾಲದ ಕಂತು ಎಂದುಕೊಂಡಿದ್ದೆ.

ಆ ತಪ್ಪು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಹೇಳಲೇಬೇಕು. ಮೊದಲ ಏಳು ವರ್ಷ ಯಾರು ಏನು ಕೇಳಿದರೂ ಒಪ್ಪಿಕೊಂಡೆ. ಬಟ್ಟಲು, ಧ್ವನಿವರ್ಧಕ, ಕ್ರಿಸ್ಮಸ್ ಗೋದಲಿ, ಸ್ಮಶಾನದ ಹುಲ್ಲು ಕತ್ತರಿಸುವುದು, ಎಲ್ಲವೂ ನನ್ನದೇ. ಹೆಂಡತಿ, ಮಗಳು ಮನೆಗೆ ಮರಳಿದ್ದರು, ಆದರೆ ಮನೆಪ್ರಾರ್ಥನೆಗೆ ನಾನೇ ಇರುತ್ತಿರಲಿಲ್ಲ. 2009ರಲ್ಲಿ ಸಭೆಯ ವಾರ್ಷಿಕೋತ್ಸವದ ದಿನ ಕೃತಜ್ಞತೆ ಸಲ್ಲಿಸುವಾಗ ಎಲ್ಲರ ಹೆಸರನ್ನೂ ಓದಿದರು, ನನ್ನದನ್ನು ಬಿಟ್ಟರು. ಬೇಕೆಂದು ಬಿಟ್ಟದ್ದಲ್ಲ, ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಆದರೂ ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಮುಂದಿನ ಶನಿವಾರ ಆ ಕೋಣೆಯ ಬೀಗದ ಕೈ ಹಿಂದಿರುಗಿಸುವುದೆಂದು ತೀರ್ಮಾನಿಸಿದೆ.

ದೇವಾಲಯಕ್ಕೆ ಹೂವಿಡುವ ಅಜ್ಜಿಯೊಬ್ಬರಿದ್ದರು, ಈಗ ಕರ್ತನಲ್ಲಿ ನಿದ್ರಿಸಿದ್ದಾರೆ. ನನ್ನ ಮುಖ ನೋಡಿಯೇ ಅವರಿಗೆ ವಿಷಯ ಗೊತ್ತಾಯಿತು. ದಾಸವಾಳದ ತೊಟ್ಟು ಮುರಿಯುತ್ತಾ ಕೇಳಿದರು: "ಹತ್ತು ವರ್ಷದ ಹಿಂದೆ ನಿನ್ನ ಕೈಗೆ ಯಾರಾದರೂ ಗಾಜಿನ ಬಟ್ಟಲು ಕೊಡುತ್ತಿದ್ದರೇ, ಮಗನೇ?"

ಕೊಡುತ್ತಿರಲಿಲ್ಲ. ನಡುಗುವ ಕೈ ನನ್ನದು. ಆ ಕೈಗೆ ಕರ್ತನು ತನ್ನ ಮೇಜಿನ ಬಟ್ಟಲನ್ನೇ ಒಪ್ಪಿಸಿದ್ದನು. ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ, ಕೃಪೆಯಿಂದಲೇ ರಕ್ಷಣೆ ಎಂದ ಬೆನ್ನಿಗೇ, ನಾವು ಮಾಡಬೇಕಾದ ಸತ್ಕ್ರಿಯೆಗಳನ್ನೂ ದೇವರು ಮುಂಚಿತವಾಗಿ ಸಿದ್ಧಮಾಡಿದ್ದಾನೆ ಎಂದಿದೆ. ಸತ್ಕ್ರಿಯೆಯೂ ಆತನೇ ಬಡಿಸಿಟ್ಟದ್ದು ಎಂದ ಮೇಲೆ ಸಾಲದ ಲೆಕ್ಕ ಎಲ್ಲಿ ಬಂತು! ಅಂದು ಬೀಗದ ಕೈ ಜೇಬಿಗೆ ಹಾಕಿಕೊಂಡು ಹಿಂತಿರುಗಿದೆ. ಬಟ್ಟಲಿನ ಸೇವೆಯೊಂದನ್ನೇ ಇಟ್ಟುಕೊಂಡು ಉಳಿದ ಕೆಲಸಗಳನ್ನು ಬೇರೆಯವರಿಗೆ ಹಂಚಿದೆ. ನೀವೂ ಮೊದಲ ವರ್ಷ ಒಂದೇ ಸೇವೆ ಹಿಡಿಯಿರಿ.

ಇನ್ನು ಕೆಲಸದ ವಿಷಯ. ಮೊದಲು ಬಟ್ಟಲಿಗೆ ಸುರಿಯುವ ದ್ರಾಕ್ಷಾರಸ. ಬೀಜವಿಲ್ಲದ ಕಪ್ಪು ಒಣದ್ರಾಕ್ಷಿ ಅರ್ಧ ಕಿಲೋ ತನ್ನಿ. ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದು, ಎರಡು ಲೀಟರ್ ನೀರಿನಲ್ಲಿ ಶುಕ್ರವಾರ ರಾತ್ರಿ ನೆನೆಹಾಕಿ. ಸ್ಟೀಲ್ ಪಾತ್ರೆಯೇ ಆಗಬೇಕು, ಹುಳಿಗೆ ತಾಮ್ರ ಒಳ್ಳೆಯದಲ್ಲ. ಶನಿವಾರ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಹಣ್ಣು ಮೆತ್ತಗಾದ ಮೇಲೆ ಕಿವುಚಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಶೋಧಿಸಿ. ಅವಸರದಲ್ಲಿ ಬಟ್ಟೆಯನ್ನು ಹಿಂಡಿದರೆ ರಸ ಕದಡುತ್ತದೆ. ತಾನಾಗಿಯೇ ತೊಟ್ಟಿಕ್ಕಲು ಬಿಟ್ಟರೆ ಬೆಳಕಿಗೆ ಹಿಡಿದಾಗ ಮಾಣಿಕ್ಯದ ಬಣ್ಣ ಕಾಣುತ್ತದೆ. ಸಕ್ಕರೆ ಬೇಡ. ಆರಿದ ಮೇಲೆ ಫ್ರಿಜ್‌ನಲ್ಲಿಟ್ಟು, ಭಾನುವಾರ ಬೆಳಿಗ್ಗೆ ಬಟ್ಟಲಿಗೆ ಹತ್ತು ಮಿಲಿಲೀಟರಿನಂತೆ ಸುರಿಯಿರಿ. ಅಂಚಿನವರೆಗೆ ತುಂಬಬೇಡಿ, ವಯಸ್ಸಾದವರ ಕೈಯಲ್ಲಿ ತುಳುಕುತ್ತದೆ.

ಬಟ್ಟಲು ತೊಳೆಯಲು ಬಿಸಿನೀರು, ವಾಸನೆಯಿಲ್ಲದ ಸಾಬೂನು. ಒರೆಸುವಾಗ ಒಂದೊಂದು ಬಟ್ಟಲಿಗೂ ಸಭೆಯ ಒಬ್ಬೊಬ್ಬರ ಹೆಸರು ಹೇಳುತ್ತೇನೆ. "ಕರ್ತನೇ, ಇವರಿಗಾಗಿ ಸ್ತೋತ್ರ." ಅಷ್ಟೇ ಪ್ರಾರ್ಥನೆ. ಆರಂಭದಲ್ಲಿ ಮೂವತ್ತು ಹೆಸರಿಗೇ ನೆನಪು ನಿಂತುಬಿಡುತ್ತಿತ್ತು, ಈಗ ನೂರೈವತ್ತೂ ಬರುತ್ತವೆ. ನನ್ನೊಡನೆ ಮನಸ್ತಾಪ ಇರುವವರ ಹೆಸರು ಬಂದಾಗ ಬಟ್ಟೆ ನಿಧಾನವಾಗುತ್ತದೆ. ಆ ಬಟ್ಟಲನ್ನು ಇನ್ನೂ ಸ್ವಲ್ಪ ಹೊತ್ತು ಒರೆಸಿ. ಹಾಸಿಗೆ ಹಿಡಿದವರ ಬಟ್ಟಲುಗಳನ್ನು ಬೇರೆ ತಟ್ಟೆಯಲ್ಲಿಡಿ, ಆರಾಧನೆಯ ನಂತರ ಅಯ್ಯನವರು (ನಮ್ಮ ಪಾದ್ರಿ) ಅವರ ಮನೆಗಳಿಗೆ ಕೊಂಡೊಯ್ಯುತ್ತಾರೆ. ಉಳಿದ ರಸವನ್ನೂ ರೊಟ್ಟಿಯನ್ನೂ ಏನು ಮಾಡಬೇಕೆಂದು ಅಯ್ಯನವರನ್ನೇ ಕೇಳಿ, ಸಭೆಯಿಂದ ಸಭೆಗೆ ಕ್ರಮ ಬೇರೆ ಇರುತ್ತದೆ.

ಯಾವಾಗಲಾದರೂ ಸಾಕ್ಷಿ ಹೇಳಲು, ಅಂದರೆ ಕರ್ತನು ನಿಮ್ಮ ಬಾಳಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಹೇಳಲು, ಕರೆಯುತ್ತಾರೆ. ಐದು ನಿಮಿಷ ಮೀರಬೇಡಿ. ಹಳೆಯ ಜೀವನದ ಕಥೆ ರಸವತ್ತಾಗುತ್ತಾ ಹೋದರೆ ಕೇಳುವವರಿಗೆ ಅದೇ ನೆನಪು ಉಳಿಯುತ್ತದೆ, ರಕ್ಷಕನ ಹೆಸರು ಮರೆಯುತ್ತದೆ. ನಿಮ್ಮ ಕಥೆಯಲ್ಲಿ ನೋವು ಉಂಡವರು ಬೇರೆಯವರಿದ್ದರೆ ಅವರ ಅಪ್ಪಣೆ ಪಡೆಯಿರಿ. ತವರಿನ ಮಾತನ್ನು ಇಲ್ಲಿ ಬರೆಯುವ ಮುನ್ನ ನಾನೂ ಹೆಂಡತಿಗೆ ಓದಿ ತೋರಿಸಿದೆ.

ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಯೇಸು ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳ ಕಥೆಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಸ್ತೋತ್ರ ಹೇಳಲು ಹಿಂತಿರುಗದ ಒಂಬತ್ತು ಮಂದಿ ಕೆಟ್ಟವರೆಂದು ಚಿಕ್ಕಂದಿನಲ್ಲಿ ಎಣಿಸಿದ್ದೆ. ಅವರು ಯಾಜಕರ ಬಳಿಗೆ ಹೋದದ್ದು ಯೇಸು ಹೇಳಿದ್ದರಿಂದಲೇ. ಹೇಳಿದ ಕೆಲಸವನ್ನೇ ಮಾಡುತ್ತಿದ್ದರು. ಸೇವೆಯಲ್ಲಿರುವವರಿಗೆ ಈ ಭಾಗ ತುಂಬಾ ಹತ್ತಿರದ್ದು. ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡುತ್ತಲೇ ಇದ್ದು, ಒಮ್ಮೆಯೂ ತಿರುಗಿ ಬಂದು ಆತನ ಪಾದಕ್ಕೆ ಬೀಳದೆ ವರ್ಷಗಳು ಕಳೆದುಹೋಗಬಹುದು. ಆ ಹತ್ತರಲ್ಲಿ ಸಮಾರ್ಯ ಎಂಬ ಸೀಮೆಯವನೊಬ್ಬ ಮಾತ್ರ ನಡುದಾರಿಯಲ್ಲಿ ನಿಂತು ಹಿಂತಿರುಗಿದ. ಆದ್ದರಿಂದ ಕೆಲಸ ಮುಗಿದ ಮೇಲೆ ದೀಪ ಆರಿಸಿ ಕೂಡಲೇ ಹೊರಡಬೇಡಿ. ಖಾಲಿ ದೇವಾಲಯದ ಮುಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕುಳಿತು ಸ್ತೋತ್ರ ಹೇಳಿ. ಏನನ್ನೂ ಬೇಡದೆ ಕುಳಿತುಕೊಳ್ಳಿ.

ಆ ಹತ್ತು ನಿಮಿಷದಲ್ಲಿ ನನಗಿಂತ ಮುಂಚೆ ಸೇವೆ ಮಾಡಿದವರನ್ನೂ ನೆನೆಯುತ್ತೇನೆ. ಮೇಲೆ ನೋಡಿದರೆ ಹಳೆಯ ಮಂಗಳೂರು ಹಂಚು, ಅದನ್ನು ನೋಡಿದಾಗ ಬಾಸೆಲ್ ಮಿಷನ್ನಿನವರು ನೆನಪಾಗುತ್ತಾರೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಆ ಕ್ರೈಸ್ತ ಸಂಸ್ಥೆಯ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರಿಗಿಂತ ಮುಂಚೆಯೇ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕುಳಿತು ಸತ್ಯವೇದವನ್ನು ಕನ್ನಡಕ್ಕೆ ತರುತ್ತಿದ್ದರು. 1853ರಲ್ಲಿ ಬಂದ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಅವರ ಜೊತೆ ಭಾಷೆ ಕಲಿಸಿದವರು, ಅಕ್ಷರ ಜೋಡಿಸಿದವರು, ಗಾಯ ತೊಳೆದವರು ಇಲ್ಲಿಯವರೇ ಎಷ್ಟೋ ಮಂದಿ ಇದ್ದರು. ಅವರ ಹೆಸರು ನನ್ನ ಪುಸ್ತಕದಲ್ಲಿಲ್ಲ, ಆದರೂ ಅವರಿಗಾಗಿ ಸ್ತೋತ್ರ ಹೇಳುತ್ತೇನೆ. ನನ್ನ ಜಗಲಿಯಲ್ಲಿ ಕೊಡೆ ಒರಗಿಸಿದ ಉಪದೇಶಿಯವರನ್ನು ಹೆಸರು ಹಿಡಿದೇ ನೆನೆಯುತ್ತೇನೆ. ಅವರು ಪ್ರಸಂಗಪೀಠ ಏರಿದ್ದನ್ನು ನಾನು ನೋಡಿದ್ದು ಕಡಿಮೆ.

ತಮ್ಮಾ, ಶುಕ್ರವಾರ ರಾತ್ರಿ ದ್ರಾಕ್ಷಿ ನಾನೇ ನೆನೆಹಾಕಿರುತ್ತೇನೆ. ಶನಿವಾರ ಐದಕ್ಕೆ ನೀನು ಬಾ. ಒಗೆದ ಹತ್ತಿ ಬಟ್ಟೆ ಎರಡು ತಾ, ನಿನ್ನ ನೋಟ್‌ಪುಸ್ತಕವನ್ನೂ ತಾ. ಈ ಸಲ ಬೀಗ ನೀನೇ ತೆಗೆ.