ಬುಕಿಂಗ್ ಅಪಾಯಿಂಟ್‌ಮೆಂಟ್‌ಗೆ ಮುಂಚಿನ ಐದು ವಾರ

ಪ್ರೆಗ್ನೆನ್ಸಿ ಟೆಸ್ಟ್‌ನಲ್ಲಿ ಎರಡು ಗೆರೆ ಕಂಡ ದಿನ ನನಗೆ ನಾಲ್ಕು ವಾರ ನಾಲ್ಕು ದಿನ. ಬುಕಿಂಗ್ ಅಪಾಯಿಂಟ್‌ಮೆಂಟ್‌ಗೆ, ಅಂದರೆ ಮೊದಲ ಭೇಟಿಗೆ, ಮಿಡ್‌ವೈಫ್ ಎದುರು ಕೂತ ದಿನ ಒಂಬತ್ತು ವಾರ ಐದು ದಿನ. ನಡುವೆ ಐದು ವಾರ ಯಾರೂ ನನ್ನ ಹೊಟ್ಟೆ ಮುಟ್ಟಲಿಲ್ಲ, ಬಿಪಿ ನೋಡಲಿಲ್ಲ. ಊರಲ್ಲಿ ಅಕ್ಕಂದಿರ ಬಸುರು ಬಾಣಂತನ ನೋಡಿ ಬೆಳೆದು, ಮದುವೆಯಾಗಿ ಇಂಗ್ಲೆಂಡಿಗೆ ಬಂದವರಿಗೆ ಈ ಐದು ವಾರ ದೊಡ್ಡ ಕಷ್ಟ. ನಾನು ಹೇಗೆ ಕಳೆದೆ ಅಂತ ಬರೆದರೆ ಇನ್ನೊಬ್ಬಳಿಗೆ ಸ್ವಲ್ಪ ಧೈರ್ಯ ಬರಬಹುದು.

ಬೆಂಗಳೂರಿನಲ್ಲಿ ನಮ್ಮಕ್ಕ ಮುಟ್ಟು ತಪ್ಪಿದ ವಾರವೇ ಡಾಕ್ಟರ್ ಹತ್ತಿರ ಹೋಗಿದ್ದಳು. ಏಳನೇ ವಾರಕ್ಕೆ ಸ್ಕ್ಯಾನ್, ಮಗುವಿನ ಎದೆಬಡಿತ, ಕೈಗೆ ಒಂದು ಫೈಲ್. ನಾನು ಇಲ್ಲಿ ಜಿಪಿಗೆ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್‌ಗೆ, ಫೋನ್ ಮಾಡಿದಾಗ ರಿಸೆಪ್ಷನ್‌ನವರು ಖುಷಿಯಿಂದ ಶುಭಾಶಯ ಹೇಳಿ, ಆಸ್ಪತ್ರೆಯ ವೆಬ್‌ಸೈಟ್‌ನಲ್ಲಿ ಫಾರಂ ತುಂಬಿ ಅಂದರು. ಅಷ್ಟೇ. ರಕ್ತ ಪರೀಕ್ಷೆ ಮಾಡಿ ಖಾತ್ರಿ ಮಾಡಲ್ವಾ ಅಂತ ಕೇಳಿದೆ. ಮನೆಯಲ್ಲಿ ಮಾಡಿದ ಟೆಸ್ಟ್ ಸಾಕು ಅಂದರು. ಇಲ್ಲಿ ಎಲ್ಲಾ ಸರಿಯಾಗಿದ್ದರೆ ನಿಮ್ಮನ್ನು ಕೊನೆಯವರೆಗೂ ನೋಡಿಕೊಳ್ಳುವುದು ಮಿಡ್‌ವೈಫ್. ತೊಂದರೆ ಕಂಡರೆ ಮಾತ್ರ ಡಾಕ್ಟರ್.

ಅಮ್ಮನಿಗೆ ಇದು ಹಿಡಿಸಲೇ ಇಲ್ಲ. "ಮಿಡ್‌ವೈಫ್ ಅಂದ್ರೆ ಸೂಲಗಿತ್ತಿ ಅಲ್ವೇನೇ? ಅಷ್ಟು ದೊಡ್ಡ ದೇಶದಲ್ಲಿ ಡಾಕ್ಟರ್ ಸಿಗಲ್ವಾ?" ಅಂದಳು. ನಮ್ಮದು ತುಮಕೂರು ಕಡೆ. ಅದಕ್ಕೇ ನಾನು ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನಪಿಸಿದೆ. ದುಡ್ಡು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಮ್ಮನ ಕೈಗುಣವೇ ಬೇರೆ ಬಿಡು" ಅಂದಳು. ಇಲ್ಲಿನ ಮಿಡ್‌ವೈಫ್‌ಗಳು ಮೂರು ವರ್ಷ ಇದನ್ನೇ ಓದಿ, ಹೆರಿಗೆ ವಾರ್ಡಿನಲ್ಲಿ ಪಳಗಿ, ನೋಂದಣಿ ಮಾಡಿಸಿಕೊಂಡು ಬಂದವರು ಅಂತ ವಿವರಿಸಿದ ಮೇಲೆ ಅವಳಿಗೆ ಒಂದಿಷ್ಟು ಸಮಾಧಾನ ಆಯಿತು.

ಫಾರಂ ಅದೇ ರಾತ್ರಿ ತುಂಬಿದೆ. ಕೊನೆಯ ಮುಟ್ಟಿನ ಮೊದಲ ದಿನ ಯಾವುದು ಅನ್ನುವುದೇ ಅದರಲ್ಲಿ ಮುಖ್ಯ, ಯಾಕೆಂದರೆ ವಾರದ ಲೆಕ್ಕ ಶುರುವಾಗುವುದು ಅಲ್ಲಿಂದ. ಎರಡು ವಾರ ಕಾದೆ, ಸುದ್ದಿಯೇ ಇಲ್ಲ. ತೊಂದರೆ ಕೊಡುವುದು ಯಾಕೆ ಅಂತ ಇನ್ನೂ ಮೂರು ದಿನ ಸುಮ್ನೆ ಕೂತೆ. ಕೊನೆಗೆ ಫೋನ್ ಮಾಡಿದರೆ ಗೊತ್ತಾಯಿತು: ನನ್ನ ದಿನ ಆಗಲೇ ನಿಗದಿಯಾಗಿದೆ, ಪತ್ರ ಹಳೇ ಮನೆಗೆ ಹೋಗಿದೆ. ಮನೆ ಬದಲಿಸಿದಾಗ ಜಿಪಿಯಲ್ಲಿ ವಿಳಾಸ ಬದಲಿಸಿರಲಿಲ್ಲ. ಫೋನ್ ಮಾಡದೇ ಇದ್ದಿದ್ದರೆ ಆ ದಿನ ತಪ್ಪಿಯೇ ಹೋಗುತ್ತಿತ್ತು. ದಯವಿಟ್ಟು ಸಂಕೋಚ ಪಡಬೇಡಿ. ಮೊದಲ ಭೇಟಿ ಹತ್ತು ವಾರದೊಳಗೆ ಆಗಬೇಕು ಅನ್ನುವುದು ಅವರದೇ ನಿಯಮ, ಕೇಳುವುದರಲ್ಲಿ ತಪ್ಪೇನಿಲ್ಲ.

ಆ ಹತ್ತು ವಾರಕ್ಕೆ ಒಂದು ಕಾರಣ ಇದೆ. ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಗಳ ಪರೀಕ್ಷೆ ಅಷ್ಟರೊಳಗೆ ಆದರೆ ಒಳ್ಳೆಯದು. ತಾಯಿಯ ರಕ್ತದಲ್ಲಿ ಅದರ ಅಂಶ ಇದ್ದರೆ ತಂದೆಯದನ್ನೂ ನೋಡುತ್ತಾರೆ. ಇಬ್ಬರಲ್ಲೂ ಇದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಗ ಮುಂದಿನ ಪರೀಕ್ಷೆಗೆ, ಯೋಚನೆಗೆ ಸಮಯ ಬೇಕು. ಅಂಶ ಇರುವವರು ಸಾಮಾನ್ಯವಾಗಿ ಆರೋಗ್ಯವಾಗೇ ಇರುತ್ತಾರೆ, ಹಾಗಾಗಿ ಇದೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಮಿಡ್‌ವೈಫ್‌ಗಾಗಿ ಕಾಯಲೇಬಾರದ ವಿಷಯವೂ ಒಂದಿದೆ. ನಾನು ಮೂರು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದೇನೆ. ಮೊದಲ ಕೆಲವು ತಿಂಗಳು ಮಗು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ಬಸುರಿ ಅಂತ ಗೊತ್ತಾದ ಕೂಡಲೇ ಮಾತ್ರೆಯ ಪ್ರಮಾಣ ಎಷ್ಟೋ ಜನರಿಗೆ ಹೆಚ್ಚಿಸಬೇಕಾಗುತ್ತದೆ. ಇದು ನನಗೆ ಗೊತ್ತಿರಲಿಲ್ಲ, ನೆನಪಿಸಿದ್ದು ಅಕ್ಕ. ಮತ್ತೆ ಜಿಪಿಗೆ ಫೋನ್ ಮಾಡಿ "ಥೈರಾಯ್ಡ್ ಇದೆ, ಈಗ ಬಸುರಿ" ಅಂದೆ. ಅದೇ ವಾರ ರಕ್ತ ತೆಗೆದು ಪ್ರಮಾಣ ಹೆಚ್ಚಿಸಿದರು. ಸಕ್ಕರೆ ಕಾಯಿಲೆ, ಬಿಪಿ, ಫಿಟ್ಸ್ ಇದಕ್ಕೆಲ್ಲ ಮಾತ್ರೆ ತಗೊಳ್ಳುವವರೂ ಹೀಗೇ ಮಾಡಬೇಕು. ನೀವೇ ನಿಲ್ಲಿಸಬೇಡಿ, ಆದರೆ ಅವತ್ತೇ ಕೇಳಿ.

ಫೋಲಿಕ್ ಆಸಿಡ್ ಮೊದಲ ದಿನವೇ ಶುರು ಮಾಡಿದೆ. ದಿನಕ್ಕೆ 400 ಮೈಕ್ರೋಗ್ರಾಂ, ಹನ್ನೆರಡು ವಾರದವರೆಗೆ. ಮಗುವಿನ ಬೆನ್ನುಹುರಿ, ಮೆದುಳು ಸರಿಯಾಗಿ ಕೂಡಿಕೊಳ್ಳಲು ಬೇಕು, ಆ ಕೆಲಸ ನಡೆಯುವುದೇ ಈ ಮೊದಲ ವಾರಗಳಲ್ಲಿ. ಸಕ್ಕರೆ ಕಾಯಿಲೆ ಇರುವಂಥ ಕೆಲವರಿಗೆ 5 ಮಿಲಿಗ್ರಾಂ ಬೇಕಾಗುತ್ತದೆ, ಅದಕ್ಕೆ ಡಾಕ್ಟರ್ ಚೀಟಿ ಬೇಕು. ಜೊತೆಗೆ 10 ಮೈಕ್ರೋಗ್ರಾಂ ವಿಟಮಿನ್ ಡಿ. ಕಬ್ಬಿಣದ ಅಂಶ ಸೇರಿದ ಮಾತ್ರೆಯಾದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಬೇಕು. ನಾನು ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ಇದನ್ನು ಮಧ್ಯಾಹ್ನ ಊಟ ಆದ ಮೇಲೆ ಅಂತ ಮಾಡಿಕೊಂಡೆ.

ಆರನೇ ವಾರಕ್ಕೆ ವಾಂತಿ ಶುರುವಾಯಿತು. ಒಗ್ಗರಣೆ ವಾಸನೆ ಬಂದರೆ ಸಾಕು, ಅಡುಗೆಮನೆ ಬಿಟ್ಟು ಓಡುತ್ತಿದ್ದೆ. ಹಾಸಿಗೆ ಪಕ್ಕ ಒಂದು ಡಬ್ಬಿಯಲ್ಲಿ ರಸ್ಕ್ ಇಟ್ಟುಕೊಂಡು, ಏಳುವ ಮುಂಚೆ ಒಂದು ತಿಂದು ಹತ್ತು ನಿಮಿಷ ಮಲಗಿರುತ್ತಿದ್ದೆ. ಮೊಸರವಲಕ್ಕಿ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು, ಬಿಸಿ ಊಟ ನಿಲ್ಲುತ್ತಿರಲಿಲ್ಲ. ಕಾಫಿ ದಿನಕ್ಕೆ ಒಂದು ಲೋಟಕ್ಕೆ ಇಳಿಸಿದೆ, ಕೆಫೀನ್ 200 ಮಿಲಿಗ್ರಾಂ ದಾಟಬಾರದು ಅಂತ ಇದೆ. ನೀರು ಕುಡಿದರೂ ಇಡೀ ದಿನ ನಿಲ್ಲದೆ ಹೋದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಮಾತ್ರ "ಬಸುರಿಯರಿಗೆ ಇದೆಲ್ಲಾ ಇದ್ದದ್ದೇ" ಅಂತ ಸಹಿಸಬೇಡಿ. ಫೋನ್ ಮಾಡಿ.

ಏಳನೇ ವಾರ, ಭಾನುವಾರ ಸಂಜೆ. ಬಾತ್‌ರೂಮಿಗೆ ಹೋದಾಗ ಒಂದು ಹನಿ ರಕ್ತ ಕಂಡಿತು. ಕಂದು ಬಣ್ಣ, ರೂಪಾಯಿ ಅಗಲವೂ ಇಲ್ಲ. ಕೈಕಾಲು ತಣ್ಣಗಾಯಿತು. ಬುಕಿಂಗ್ ಆಗಿಲ್ಲ, ಮಿಡ್‌ವೈಫ್ ಯಾರು ಅಂತ ಗೊತ್ತಿಲ್ಲ, ಯಾರನ್ನು ಕೇಳುವುದು? ಇವರು 111ಕ್ಕೆ, ಅಂದರೆ ಇಲ್ಲಿನ ಆರೋಗ್ಯ ಸಲಹೆಯ ನಂಬರಿಗೆ, ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಆ ಕಡೆಯ ಹೆಂಗಸು ನಿಧಾನವಾಗಿ ಒಂದೊಂದೇ ಕೇಳುತ್ತಾ ಹೋದರು. ರಕ್ತ ಎಷ್ಟು, ಪ್ಯಾಡ್ ನೆನೆಯುತ್ತಿದೆಯಾ? ಹೊಟ್ಟೆಯ ಒಂದೇ ಕಡೆ ನೋವಿದೆಯಾ? ತಲೆ ಸುತ್ತುತ್ತಿದೆಯಾ? ಭುಜದ ತುದಿಯಲ್ಲಿ ನೋವಿದೆಯಾ? ಭುಜಕ್ಕೂ ಬಸಿರಿಗೂ ಏನು ಸಂಬಂಧ ಅಂತ ಆಮೇಲೆ ತಿಳಿಯಿತು. ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತು ಒಳಗೆ ರಕ್ತ ಸುರಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಅಂಥ ನೋವಿದ್ದರೆ ಬೆಳಗಿನವರೆಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು. ನನಗೆ ಅದು ಯಾವುದೂ ಇರಲಿಲ್ಲ. ಮರುದಿನ ಆಸ್ಪತ್ರೆಯ ಅರ್ಲಿ ಪ್ರೆಗ್ನೆನ್ಸಿ ಯೂನಿಟ್‌ನಲ್ಲಿ, ಅಂದರೆ ಬಸುರಿನ ಮೊದಲ ವಾರಗಳ ತೊಂದರೆ ನೋಡುವ ವಿಭಾಗದಲ್ಲಿ, ಸ್ಕ್ಯಾನ್ ಆಯಿತು. ಇಷ್ಟು ಬೇಗ ಹೊಟ್ಟೆ ಮೇಲಿಂದ ಸರಿಯಾಗಿ ಕಾಣುವುದಿಲ್ಲ, ಒಳಗಿನಿಂದ ಮಾಡುತ್ತಾರೆ. ಸ್ಕ್ಯಾನ್ ಮಾಡಿದವರು ತೆರೆಯನ್ನು ನನ್ನ ಕಡೆ ತಿರುಗಿಸಿದರು. ಅವರೆಕಾಳಿನಷ್ಟು ಒಂದು ಬಿಳಿ ಚುಕ್ಕೆ, ಅದರೊಳಗೆ ಏನೋ ಮಿನುಗುತ್ತಿತ್ತು. ಎದೆಬಡಿತ. ನಾನು ಇವರ ಕೈ ಬಿಡಲೇ ಇಲ್ಲ.

ಇಂಥ ಯೂನಿಟ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಟೆಸ್ಟ್ ಆದ ದಿನವೇ ನಿಮ್ಮ ಹತ್ತಿರದ್ದು ಯಾವುದು, ನೇರವಾಗಿ ಹೋಗಬಹುದಾ, ಜಿಪಿ ಅಥವಾ 111 ಕಳಿಸಬೇಕಾ ಅಂತ ನೋಡಿಟ್ಟುಕೊಳ್ಳಿ. ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ಆಮೇಲಿನ ವಾರಗಳಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಅಮ್ಮನಿಗೆ, ಅತ್ತೆಗೆ ಫೋನ್ ಮಾಡಿದಾಗೆಲ್ಲ ಒಂದೊಂದು ಕೇಳಿ ಬರೆದೆ. ಚಿಕ್ಕಂದಿನಲ್ಲಿ ನನಗೆ ಚಿಕನ್‌ಪಾಕ್ಸ್ ಆಗಿತ್ತಾ? ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ? ಅಮ್ಮನ ಹೆರಿಗೆಗಳಲ್ಲಿ ಬಿಪಿ ಏರಿತ್ತಾ? ಹಾಗೆ ಕೇಳುವಾಗಲೇ, ನನಗಿಂತ ಮುಂಚೆ ಅಮ್ಮನಿಗೆ ಒಂದು ಬಸುರು ನಿಲ್ಲಲಿಲ್ಲ ಅಂತ ಮೊದಲ ಸಲ ಗೊತ್ತಾಯಿತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅಂತ ಅವಳು ಯಾಕೆ ಅಷ್ಟು ಒತ್ತಿ ಹೇಳುತ್ತಿದ್ದಳು ಅನ್ನುವುದೂ ಅರ್ಥವಾಯಿತು.

ಬುಕಿಂಗ್ ದಿನ ಆ ನೋಟ್‌ಬುಕ್ ತುಂಬಾ ಕೆಲಸಕ್ಕೆ ಬಂತು. ಒಂದು ಗಂಟೆಗೂ ಜಾಸ್ತಿ ಹೊತ್ತು ಬರೀ ಪ್ರಶ್ನೆಗಳೇ. ಎತ್ತರ, ತೂಕ, ಬಿಪಿ, ಮೂತ್ರ, ನಾಲ್ಕು ಟ್ಯೂಬ್ ರಕ್ತ. ರಕ್ತದ ಗುಂಪು, ಎಚ್ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಎಲ್ಲಾ ನೋಡುತ್ತಾರೆ. ಗಂಡ ಹೆಂಡತಿ ರಕ್ತಸಂಬಂಧಿಗಳಾ ಅಂತಲೂ ಕೇಳಿದರು. ನಮ್ಮ ಅಜ್ಜಿ ಸೋದರಮಾವನನ್ನೇ ಮದುವೆಯಾದವರು, ಅದನ್ನೂ ಹೇಳಿದೆ. ಆಕೆ ಏನೂ ಆಶ್ಚರ್ಯ ತೋರಿಸದೆ ಬರೆದುಕೊಂಡರು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಮೇಲಾಗಿ ನಾವು ದಕ್ಷಿಣ ಏಷ್ಯಾದವರು, ಹಾಗಾಗಿ 24ರಿಂದ 28 ವಾರದೊಳಗೆ ಗ್ಲೂಕೋಸ್ ನೀರು ಕುಡಿಸಿ ಪರೀಕ್ಷೆ ಮಾಡುತ್ತೇವೆ ಅಂದರು.

ನಡುವೆ ಇವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದರು. ಬಾಗಿಲು ಹಾಕಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ, ಹೆದರಿಸುತ್ತಾರಾ ಅಂತ ಕೇಳಿದರು. ಎಲ್ಲರನ್ನೂ ಕೇಳುತ್ತೇವೆ ಅಂದರು. ನಾನು ಇಲ್ಲ ಅಂದೆ. ಗಂಡನ ವೀಸಾದ ಮೇಲೆ ಬಂದು, ಇಂಗ್ಲಿಷ್ ಸರಿಯಾಗಿ ಬಾರದೆ, ಒಬ್ಬಳೇ ಒದ್ದಾಡುವ ಹುಡುಗಿಗೆ ಆ ಐದು ನಿಮಿಷ ಎಷ್ಟು ದೊಡ್ಡದು! ಅಂಥವರು ಫಾರಂನಲ್ಲೇ ಕನ್ನಡ ದುಭಾಷಿ ಬೇಕು ಅಂತ ಕೇಳಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗಂಡನೋ ಅತ್ತೆಯೋ ಅನುವಾದ ಮಾಡಿದರೆ ಆ ಪ್ರಶ್ನೆಗೆ ನಿಜವಾದ ಉತ್ತರ ಬರುವುದಿಲ್ಲ, ಅಲ್ವಾ?

ಹೊರಡುವಾಗ ಆಕೆ ಕೈಗೆ ಒಂದು ಚೀಟಿ ಕೊಟ್ಟರು. ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದಾದ ಹೆರಿಗೆ ವಿಭಾಗದ ನಂಬರ್. ಮುಂದಿನ ಸ್ಕ್ಯಾನ್ ಹನ್ನೆರಡನೇ ವಾರಕ್ಕೆ. ಮನೆಗೆ ಬಂದು ಆ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಅಮ್ಮನಿಗೆ ಫೋನ್ ಮಾಡಿದೆ.