ಹಳೆ ಲಾರಿ ಲೀಸಿಗೆ ಹಿಡಿದು ಓಡಿಸಿದ ನನ್ನ ಅನುಭವ

ನನ್ನ ಹತ್ತಿರ ಸ್ವಂತದ್ದು ಮೂರು ಲಾರಿ. ಮೂರೂ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಮುಂಬೈ ಕಡೆ ಹೋಗಿ ಬರುತ್ತವೆ. ಎಳನೀರು ದಾರಿಯಲ್ಲಿ ಕಾಯುವ ಸರಕಲ್ಲ, ಹಾಗಾಗಿ ಆ ಗಾಡಿಗಳನ್ನು ಬೇರೆ ಕೆಲಸಕ್ಕೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಆದರೆ ಮಂಡ್ಯ ಸೀಮೆಯಲ್ಲಿ ಜುಲೈ ಬಂತೆಂದರೆ ಕಬ್ಬಿನ ಕೆಲಸ ಶುರು. ಅದು ಮುಗಿಯುವ ಮೊದಲೇ ಭತ್ತದ ಕೊಯ್ಲು, ಆಮೇಲೆ ರೈಸ್ ಮಿಲ್ಲುಗಳ ಲೋಡು. ಏಳೆಂಟು ತಿಂಗಳು ಕರೆದವರಿಗೆಲ್ಲ ಗಾಡಿ ಕೊಡಲಾಗದೆ ಕೈ ಕೈ ಹಿಸುಕಿಕೊಳ್ಳುವುದು, ಉಳಿದ ತಿಂಗಳು ಈ ಬಾಡಿಗೆಗಳೇ ಇಲ್ಲ. ಏಳು ತಿಂಗಳ ಕೆಲಸಕ್ಕೆ ಹನ್ನೆರಡು ತಿಂಗಳ ಕಂತು ಕಟ್ಟಿ ಹೊಸ ಹತ್ತು ಚಕ್ರದ ಗಾಡಿ ತರುವುದು ನನ್ನ ಲೆಕ್ಕಕ್ಕೆ ಕೂರಲಿಲ್ಲ. 2019ರಲ್ಲಿ ಮೊದಲ ಹಳೆ ಲಾರಿಯನ್ನು ಲೀಸಿಗೆ ಹಿಡಿದೆ. ಇಲ್ಲಿಯವರೆಗೆ ಒಂಬತ್ತು ಗಾಡಿ ನನ್ನ ಕೈ ದಾಟಿವೆ.

ಇಂಥ ಗಾಡಿಗಳು ಎಲ್ಲಿ ಸಿಗುತ್ತವೆ ಎಂದು ಕೇಳುತ್ತಾರೆ. ಹಳ್ಳಿ ಹಳ್ಳಿಯಲ್ಲೂ ಇವೆ. ಡ್ರೈವರ್ ಆಗಿದ್ದು ಕಷ್ಟಪಟ್ಟು ಒಂದು ಲಾರಿ ಮಾಡಿಕೊಂಡವರು, ಈಗ ಮಂಡಿ ನೋವು, ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸ, ನಂಬುವ ಡ್ರೈವರ್ ಸಿಗುವುದಿಲ್ಲ. ಲಾರಿ ಹೊಂಗೆ ಮರದ ಕೆಳಗೆ ನಿಂತು ಟೈರು ಬಿರಿಯುತ್ತಿರುತ್ತದೆ. ಮಾರಲು ಮನಸ್ಸಿಲ್ಲ, ಓಡಿಸಲು ಶಕ್ತಿ ಇಲ್ಲ. ನನಗೆ ಬೇಕಾದದ್ದು ಅವರ ಗಾಡಿ, ಅವರಿಗೆ ಬೇಕಾದದ್ದು ತಿಂಗಳಿಗೊಂದು ದುಡ್ಡು.

ನಮ್ಮ ಕಡೆ ಲೀಸ್ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಮನೆ ಭೋಗ್ಯ. ಪಾಂಡವಪುರ ಕಡೆಯ ಒಬ್ಬರು ನನ್ನನ್ನು ಕೂರಿಸಿ ಕಾಫಿ ಕೊಟ್ಟು, "ಐದು ಲಕ್ಷ ಕೊಡಣ್ಣ, ಬಾಡಿಗೆ ಏನೂ ಬ್ಯಾಡ, ಮೂರು ವರ್ಷ ಬುಟ್ಟು ಗಾಡಿ ವಾಪಸ್ ಕೊಡು, ನಾನು ದುಡ್ಡು ವಾಪಸ್ ಕೊಡ್ತೀನಿ" ಎಂದರು. ಮನೆ ಮೂರು ವರ್ಷದಲ್ಲಿ ಸವೆಯುವುದಿಲ್ಲ, ಲಾರಿ ಸವೆಯುತ್ತದೆ. ಮೂರು ವರ್ಷದ ನಂತರ ಆ ಗಾಡಿಯ ಬೆಲೆಯೇ ಆ ಐದು ಲಕ್ಷಕ್ಕೆ ನಿಲ್ಲದಿದ್ದರೆ ಅವರು ಎಲ್ಲಿಂದ ತಂದು ಕೊಡಬೇಕು? ನಾನು ಒಪ್ಪಲಿಲ್ಲ. ತಿಂಗಳ ಬಾಡಿಗೆ, ಎರಡು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು. ಈ ಪದ್ಧತಿಯನ್ನು ಇವತ್ತಿಗೂ ಬಿಟ್ಟಿಲ್ಲ.

ಮೊದಲ ಗಾಡಿಯಲ್ಲೇ ಪೆಟ್ಟು ತಿಂದೆ. 2010ರ ಮಾಡೆಲ್. ಆಯುಧಪೂಜೆಗೆ ಹೊಸ ಬಣ್ಣ ಹೊಡೆಸಿ, ಬಾಳೆಕಂದು ಕಟ್ಟಿ ನಿಲ್ಲಿಸಿದ್ದರು, ನೋಡಿದರೆ ಕಣ್ಣು ತುಂಬುತ್ತಿತ್ತು. ಆರ್‌ಸಿ ನೋಡಿದೆ, ಇನ್ಶೂರೆನ್ಸ್ ನೋಡಿದೆ, ಅದರ ಮೇಲಿನ ಸಾಲದ ಕಂತು ಎಷ್ಟು ಬಾಕಿ ಇದೆ ಎಂದು ಕೇಳಲಿಲ್ಲ. ಓನರ್ ನಾಲ್ಕು ಕಂತು ಕಟ್ಟಿರಲಿಲ್ಲ. ಮೂರನೇ ವಾರ ಮದ್ದೂರಿನ ಮಿಲ್ಲಿಂದ ಮೈಸೂರಿನ ಬಂಡಿಪಾಳ್ಯ ಎಪಿಎಂಸಿಗೆ ಅಕ್ಕಿ ಹೊತ್ತು ಹೋಗುತ್ತಿದ್ದಾಗ ಫೈನಾನ್ಸ್ ಕಡೆಯವರು ದಾರಿಯಲ್ಲೇ ಅಡ್ಡ ಹಾಕಿ ಗಾಡಿ ಹಿಡಿದರು. ಡ್ರೈವರ್ ಹುಡುಗ ಹೆದರಿ ಫೋನ್ ಮಾಡಿದ, "ಅಣ್ಣ, ಕೀ ಕಿತ್ಕೊಂಡ್ರು ಕಣಣ್ಣ, ಲೋಡ್ ಏನ್ ಮಾಡ್ಲಿ?" ಇನ್ನೊಂದು ಲಾರಿ ಕರೆಸಿ, ಹಮಾಲರನ್ನು ಕರೆಸಿ, ರಸ್ತೆ ಬದಿಯಲ್ಲಿ ಮೂಟೆ ಬದಲಾಯಿಸಿ, ರಾತ್ರಿ ಹನ್ನೊಂದಕ್ಕೆ ಅನ್‌ಲೋಡ್ ಮಾಡಿಸಿದೆ. ಮಿಲ್ಲಿನವರ ಮುಂದೆ ತಲೆ ತಗ್ಗಿಸಿ ನಿಂತದ್ದು ಇನ್ನೂ ಮರೆತಿಲ್ಲ.

ಅಂದಿನಿಂದ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಟ್ಯಾಕ್ಸ್, ಪರ್ಮಿಟ್, ಇನ್ಶೂರೆನ್ಸ್, ಚಲನ್ ನೋಡುವುದರ ಜೊತೆಗೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರಿದೆಯೇ ಎಂದು ನೋಡುತ್ತೇನೆ. ಹೆಸರಿದ್ದರೆ ಸಾಲದ ಸ್ಟೇಟ್‌ಮೆಂಟ್ ಕೊಡದೆ ಮಾತು ಮುಂದುವರಿಸುವುದಿಲ್ಲ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಫಾರಂ 35 ಕೊಟ್ಟು ಆರ್‌ಸಿಯಿಂದ ತೆಗೆಸಿರಬೇಕು. ಸಾಲ ಇರುವ ಗಾಡಿಯಾದರೆ ಕಂತನ್ನು ನಾನೇ ನೇರವಾಗಿ ಕಟ್ಟಿ, ಬಾಡಿಗೆಯಲ್ಲಿ ಉಳಿದದ್ದನ್ನು ಮಾತ್ರ ಓನರ್ ಕೈಗೆ ಕೊಡುತ್ತೇನೆ. ಇದನ್ನು ಕೇಳಿ ಮುಖ ಸಣ್ಣ ಮಾಡಿಕೊಂಡವರಿದ್ದಾರೆ. ಒಂದು ವರ್ಷ ಕಳೆದ ಮೇಲೆ, "ನೀನು ಕಟ್ಟಿದ್ದಕ್ಕೆ ಸಾಲ ತೀರ್ತು" ಎಂದವರೂ ಅವರೇ.

ಗಾಡಿ ನೋಡಲು ಹೋಗುವಾಗ ನಮ್ಮ ಮೆಕ್ಯಾನಿಕ್ ಮೇಸ್ತ್ರಿಯನ್ನು ಬಿಟ್ಟು ಹೋಗುವುದಿಲ್ಲ. ಹಿಂದಿನ ರಾತ್ರಿ ಹೇಳಿ, ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿರುತ್ತೇವೆ. ಮೇಸ್ತ್ರಿ ಮಾತೇ ಆಡದೆ ಮೊದಲು ಎಂಜಿನ್ ಮೇಲೆ ಕೈ ಇಡುತ್ತಾರೆ. ಬೆಚ್ಚಗಿದ್ದರೆ ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ, ಅಂದು ನೋಡುವುದಿಲ್ಲ, ಇನ್ನೊಂದು ದಿನ ಬರುತ್ತೇವೆ ಎಂದು ಹೊರಡುತ್ತೇವೆ. ತಣ್ಣಗಿದ್ದ ಎಂಜಿನ್ ಹೇಗೆ ಎದ್ದೇಳುತ್ತದೆ ಎನ್ನುವುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಐಡಲ್‌ನಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಎಂದು ಎದ್ದರೆ ಪಿಸ್ಟನ್ ರಿಂಗು, ಲೈನರು ಸವೆದಿವೆ. ರೇಡಿಯೇಟರ್ ನೀರಿನ ಮೇಲೆ ಆಯಿಲ್ ತೇಲುತ್ತಿದ್ದರೆ ಅಲ್ಲಿಗೇ ಮುಗಿಯಿತು.

ಎಂಜಿನ್ನಿಗಿಂತ ನಾನು ಹೆಚ್ಚು ಹೆದರುವುದು ಲಾರಿಯ ಬೆನ್ನೆಲುಬಾದ ಚಾಸಿಗೆ. ಎಂಜಿನ್ ಬಿಚ್ಚಿ ಕಟ್ಟಬಹುದು, ಬಿರುಕು ಬಿಟ್ಟ ಚಾಸಿಯನ್ನು ವೆಲ್ಡ್ ಮಾಡಿ ಲೋಡ್ ಹೊರಿಸಿದರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಕ್ಯಾಬಿನ್ನಿನ ಹಿಂಭಾಗ, ಕಮಾನು ಪಟ್ಟಿ ಕೂರುವ ಬ್ರಾಕೆಟ್ಟುಗಳ ಸುತ್ತ, ಹಿಂದಿನ ಎರಡು ಹೌಸಿಂಗ್ (ಹಿಂಬದಿ ಚಕ್ರಗಳ ಆಕ್ಸಲ್) ನಡುವಿನ ಜಾಗ, ಇಷ್ಟನ್ನು ಟಾರ್ಚ್ ಹಾಕಿ, ವೈರ್ ಬ್ರಶ್ಶಿನಿಂದ ಮಣ್ಣು ಉಜ್ಜಿ ನೋಡಬೇಕು. ಉಳಿದ ಕಡೆ ಹಳೆ ಬಣ್ಣವಿದ್ದು ಅಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಅದನ್ನು ಕೆರೆದು ನೋಡಲು ನಾಚಿಕೊಳ್ಳಬಾರದು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿ ಜೊತೆ ತಾಳೆ ನೋಡುತ್ತೇನೆ. ಹೌಸಿಂಗ್ ಆಯಿಲ್ ಸ್ವಲ್ಪ ಇಳಿಸಿ ಬೆರಳಿಗೆ ತಿಕ್ಕಿದಾಗ ಲೋಹದ ಚೂರು ಸಿಕ್ಕರೆ ಅದರೊಳಗೆ ಚಕ್ರ ತಿರುಗಿಸುವ ಗೇರಾದ ಕ್ರೌನ್ ಪಿನಿಯನ್ ಹೋಗುವ ಕಾಲ ಹತ್ತಿರ. ಮುಂದಿನ ಚಕ್ರ ಜಾಕ್ ಎತ್ತಿ ಅಲ್ಲಾಡಿಸಿ ಕಿಂಗ್ ಪಿನ್ ನೋಡುವುದು, ಬ್ರೇಕಿನ ಏರ್ ತುಂಬಿಸಿ ಎಂಜಿನ್ ನಿಲ್ಲಿಸಿ ಮೀಟರಿನ ಮುಳ್ಳು ಎಷ್ಟು ಬೇಗ ಇಳಿಯುತ್ತದೆ ಎಂದು ಕಾಯುವುದು, ಇವೂ ಆಗಬೇಕು. ಕೊನೆಗೆ ಲೋಡ್ ಹಾಕಿಸಿ ಬಸರಾಳು ಮೇಲೆ ನಾಗಮಂಗಲದವರೆಗೆ ಓಡಿಸಿ ನೋಡುತ್ತೇವೆ. ಖಾಲಿ ಗಾಡಿ ಏನನ್ನೂ ಹೇಳುವುದಿಲ್ಲ.

ಯಾವ ಮಾಡೆಲ್ ಎನ್ನುವುದರಲ್ಲಿ ನನ್ನದೊಂದು ಹಠ ಇದೆ. ಹೊಗೆ ನಿಯಮದ ಹಳೆ ಹಂತವಾದ ಬಿಎಸ್-3ರ ಗಾಡಿಗಳನ್ನು 2017ರ ಏಪ್ರಿಲ್ 1ರಿಂದ ಮಾರುವಂತಿಲ್ಲ ಎಂದಾಯಿತು. ಅದಕ್ಕಿಂತ ಹಿಂದಿನ, ಮೆಕ್ಯಾನಿಕಲ್ ಪಂಪಿನ ಗಾಡಿಗಳೇ ಲೀಸಿಗೆ ಚೆನ್ನ. ಪಂಪು ಕೆಟ್ಟರೆ ಮಂಡ್ಯದಲ್ಲೇ ಬಿಚ್ಚಿ ಕೂರಿಸುವವರಿದ್ದಾರೆ. ಆಮೇಲಿನ ಬಿಎಸ್-4ರಲ್ಲಿ ಯೂರಿಯಾ ದ್ರಾವಣ ಹಾಕುವ ಗಾಡಿಗಳು ಹಳೆಯದಾದಾಗ ಸೆನ್ಸರ್ ಒಂದು ಹೋದರೂ ಪಿಕಪ್ ಬಿದ್ದುಹೋಗುತ್ತದೆ, ಲ್ಯಾಪ್‌ಟಾಪ್ ಹಿಡಿದು ಬರುವವನಿಗೆ ಕಾಯಬೇಕು. ಆ ಕಾಲದ ಲೇಲ್ಯಾಂಡ್ ಗಾಡಿಗಳಲ್ಲಿ ಯೂರಿಯಾ ಇಲ್ಲದೆ ಹಳೆ ಬಗೆಯ ಪಂಪಿನಲ್ಲೇ ಓಡುವಂಥವು ಇದ್ದವು, ಅಂಥದೊಂದನ್ನು ಇಟ್ಟುಕೊಂಡಿದ್ದೆ, ತೊಂದರೆ ಕೊಡಲಿಲ್ಲ.

ವಯಸ್ಸಿನ ಲೆಕ್ಕವನ್ನು ಕಾಗದದಲ್ಲೂ ನೋಡಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಂದು ಎಫ್‌ಸಿ, ದಾಟಿದರೆ ಪ್ರತಿ ವರ್ಷ. 15 ವರ್ಷ ದಾಟಿದ ಭಾರಿ ಗಾಡಿಗೆ 2022ರ ಏಪ್ರಿಲ್‌ನಿಂದ ಎಫ್‌ಸಿ ಶುಲ್ಕವನ್ನು 12,500 ರೂಪಾಯಿಗೆ ಏರಿಸಿದರು. ಬೇರೆ ರಾಜ್ಯಕ್ಕೆ ಹೋಗಲು ಬೇಕಾದ ನ್ಯಾಷನಲ್ ಪರ್ಮಿಟ್ ಎರಡು ಆಕ್ಸಲ್ ಗಾಡಿಗೆ 12 ವರ್ಷದವರೆಗೆ, ಅದಕ್ಕಿಂತ ಹೆಚ್ಚು ಆಕ್ಸಲ್ ಇದ್ದರೆ 15 ವರ್ಷದವರೆಗೆ ಮಾತ್ರ. ಅಂದರೆ ಗಾಡಿ ಎಷ್ಟೇ ಗಟ್ಟಿಯಾಗಿರಲಿ, ಆ ವಯಸ್ಸು ದಾಟಿದ ಮೇಲೆ ಅದನ್ನು ನಂಬಿ ಕೇರಳದ ಲೋಡ್ ಒಪ್ಪಿಕೊಳ್ಳುವಂತಿಲ್ಲ. ತೂಕದ ವಿಷಯದಲ್ಲೂ ಇದೇ. 2018ರಲ್ಲಿ ಹತ್ತು ಚಕ್ರದ ಗಾಡಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಏರಿತು ಎಂದು ಎಲ್ಲರೂ ಹೇಳುತ್ತಾರೆ. ನಾನು ನೋಡುವುದು ಆ ಗಾಡಿಯ ಆರ್‌ಸಿಯಲ್ಲಿ ಏನು ಬರೆದಿದೆ ಎಂದು. ಹಳೆಯದರಲ್ಲಿ 25 ಎಂದಿದ್ದರೆ ನನಗೆ 25. ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಟನ್ನಿಗೆ 2,000 ದಂಡ ಎನ್ನುವುದು ಒಂದು ಕಡೆ. ಇನ್ನೊಬ್ಬರು ಬದುಕಿನ ದುಡಿಮೆ ಹಾಕಿ ಕೊಂಡ ಗಾಡಿಯ ಬೆನ್ನು ಮುರಿಯುವ ಹಕ್ಕು ನನಗಿಲ್ಲ. ಅದನ್ನು ಕರಾರಿನಲ್ಲೇ ಬರೆಸುತ್ತೇನೆ, ಓನರ್ ಕೇಳದಿದ್ದರೂ.

ಕರಾರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ರಿಪೇರಿ ಯಾರದ್ದು ಎಂಬ ಸಾಲು. ಮೊದಮೊದಲು "ಸಣ್ಣ ರಿಪೇರಿ ನನ್ನದು, ದೊಡ್ಡ ರಿಪೇರಿ ಓನರದ್ದು" ಎಂದು ಬರೆಸಿದ್ದೆ. ಯಾವುದು ಸಣ್ಣದು, ಯಾವುದು ದೊಡ್ಡದು? ಕೆ.ಆರ್.ಪೇಟೆ ಕಡೆಯ ಒಬ್ಬರ ಗಾಡಿಯಲ್ಲಿ ಕ್ರೌನ್ ಪಿನಿಯನ್ ಹೋಯಿತು. ನನ್ನ ಡ್ರೈವರ್ ಹೊಡೆದ ರೀತಿಗೆ ಹೋಯಿತು ಎಂದು ಅವರು, ಮೊದಲೇ ಸವೆದಿತ್ತು ಎಂದು ನಾನು. ಗಾಡಿ ಹದಿನೆಂಟು ದಿನ ನಿಂತಿತು, ಕಬ್ಬಿನ ಸೀಸನ್ನಿನ ನಡುವೆ. ಕೊನೆಗೆ ಅರ್ಧರ್ಧ ಹಾಕಿಕೊಂಡೆವು, ಆದರೆ ಮನಸ್ಸು ಮುರಿಯಿತು. ಆಮೇಲೆ ಮೇಸ್ತ್ರಿ ಜೊತೆ ಕೂತು ಹೊಸದಾಗಿ ಬರೆಸಿದೆ: ಓಡಿದ್ದಕ್ಕೆ ಸವೆಯುವುದು ನನ್ನದು, ವಯಸ್ಸಿಗೆ ಹೋಗುವುದು ಓನರದ್ದು. ಟೈರು, ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಆಯಿಲ್, ಫಿಲ್ಟರ್, ಬ್ಯಾಟರಿ, ಮುರಿದ ಪಟ್ಟಿ ನನ್ನವು. ಎಂಜಿನ್ ಒಳಭಾಗ, ಗೇರ್‌ಬಾಕ್ಸ್, ಹೌಸಿಂಗ್, ಚಾಸಿ ಓನರವು. ಆಯಿಲ್ ಇಲ್ಲದೆ ಓಡಿಸಿ ಎಂಜಿನ್ ಹಿಡಿದರೆ ಅದು ನನ್ನ ತಪ್ಪು, ಪೂರ್ತಿ ನನ್ನದು. ಪ್ರತಿ ಐಟಂ ಹೆಸರು ಹಿಡಿದು ಬರೆದದ್ದರಿಂದ ಆಮೇಲೆ ಒಂದೇ ಒಂದು ಜಗಳ ಆಗಿಲ್ಲ. ಓನರ್ ಕಡೆಯ ರಿಪೇರಿಗೆ ಗಾಡಿ ನಿಂತರೆ ಮೊದಲ ಮೂರು ದಿನ ಬಿಟ್ಟು ಉಳಿದ ದಿನಗಳ ಬಾಡಿಗೆ ಕಡಿತ.

ಲೆಕ್ಕ ಹೇಳುತ್ತೇನೆ. ಹೋದ ಸೀಸನ್ನಿನಲ್ಲಿ ಒಂದು ಹತ್ತು ಚಕ್ರದ ಗಾಡಿಗೆ ತಿಂಗಳಿಗೆ 34,000 ರೂಪಾಯಿ ಬಾಡಿಗೆ ಕೊಟ್ಟೆ. ಟ್ಯಾಕ್ಸ್, ಇನ್ಶೂರೆನ್ಸ್, ಎಫ್‌ಸಿ ಓನರದ್ದು. ನನ್ನ ಪಾಲಿನ ರಿಪೇರಿ, ಟೈರು ಸರಾಸರಿ 14,000. ಹೊಸ ಗಾಡಿಯ ಕಂತೊಂದೇ ಇದಕ್ಕಿಂತ ಬಹಳ ಮೇಲೆ. ಆದರೆ ಹಳೆ ಗಾಡಿ ತಿಂಗಳಿಗೆ ನಾಲ್ಕೈದು ದಿನ ನಿಲ್ಲುತ್ತದೆ, ನಿಂತ ದಿನ ಡ್ರೈವರ್ ಸಂಬಳವೂ ಸೇರಿ 3,500ರಷ್ಟು ಕೈಬಿಡುತ್ತದೆ. ಇದನ್ನೂ ಸೇರಿಸಿದರೂ ಲಾಭವಿದೆ, ಗಾಡಿ ಮನೆ ಹತ್ತಿರ ನಿಂತರೆ ಮಾತ್ರ. ಒಮ್ಮೆ ದುರಾಸೆಗೆ ಬಿದ್ದು ಹಳೆ ಗಾಡಿಗೆ ಕೇರಳದ ಕಲ್ಪೆಟ್ಟಕ್ಕೆ ಅಕ್ಕಿ ಲೋಡ್ ಹಾಕಿದೆ. ಗುಂಡ್ಲುಪೇಟೆ ಹತ್ತಿರ ಕ್ಲಚ್ ಹೋಯಿತು. ಸರಿ ಮಾಡಿಸಿ ಹೊರಡುವ ಹೊತ್ತಿಗೆ ರಾತ್ರಿ ಒಂಬತ್ತಾಯಿತು, ಬಂಡೀಪುರದ ಗೇಟ್ ಹಾಕಿದರು, ಬೆಳಿಗ್ಗೆ ಆರಕ್ಕೇ ತೆಗೆಯುವುದು. ಅಲ್ಲೇ ಒಂದು ರಾತ್ರಿ ಹೋಯಿತು. ಅದೃಷ್ಟಕ್ಕೆ ಕಲ್ಪೆಟ್ಟದಲ್ಲೇ ಇಳಿಸುವ ಲೋಡು. ಕೋಳಿಕ್ಕೋಡಿನದಾಗಿದ್ದರೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವನ್ನು ಆ ಹಳೆ ಗಾಡಿಯ ಬ್ರೇಕಿನಲ್ಲಿ ಇಳಿಯಬೇಕಿತ್ತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಈಗ ಲೀಸಿನ ಗಾಡಿ ನಮ್ಮ ಮೇಸ್ತ್ರಿ ಬೈಕಿನಲ್ಲಿ ತಲುಪುವ ದೂರ ಬಿಟ್ಟು ಹೋಗುವುದಿಲ್ಲ. ಮಂಡ್ಯ, ಮೈಸೂರು, ನಂಜನಗೂಡು, ಅಷ್ಟೇ.

ಇನ್ಶೂರೆನ್ಸ್ ಬಗ್ಗೆ ಓನರುಗಳಿಗೆ ಮುಚ್ಚಿಡದೆ ಹೇಳುತ್ತೇನೆ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರನ್ನೇ ಕೋರ್ಟು ಮೊದಲು ಕೇಳುತ್ತದೆ, 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಲೀಸ್ ವಿಷಯವನ್ನು ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಬರೆಸುತ್ತೇವೆ, ಅದಕ್ಕೆ ಐಎಂಟಿ 6 ಎಂಬ ಷರತ್ತೇ ಇದೆ. ಡ್ರೈವರಿಗೂ ಕ್ಲೀನರಿಗೂ ಕವರ್ ಇರಬೇಕು. ಡ್ರೈವರ್ ಲೈಸೆನ್ಸಿನ ನಕಲು ಓನರ್ ಹತ್ತಿರವೂ ಇರಬೇಕು. ಫಾಸ್ಟ್ಯಾಗ್ ಓನರ್ ಹೆಸರಿನಲ್ಲಿರುತ್ತದೆ, ಕೆವೈಸಿ ಬಾಕಿ ಇಟ್ಟಿದ್ದಕ್ಕೆ ಗಣಂಗೂರು ಟೋಲಿನಲ್ಲಿ ಎರಡು ಪಟ್ಟು ಕಟ್ಟಿದ ಮೇಲೆ ಅದನ್ನೂ ಮೊದಲ ದಿನವೇ ನೋಡುತ್ತೇನೆ. ಜಿಎಸ್‌ಟಿ ಬಗ್ಗೆ ಹೆದರಬೇಕಿಲ್ಲ. ಕನ್ಸೈನ್‌ಮೆಂಟ್ ನೋಟ್ (ಸರಕು ಸಾಗಿಸಲು ಪಡೆದದ್ದಕ್ಕೆ ಕೊಡುವ ರಸೀದಿ) ಬರೆಯುವ ಟ್ರಾನ್ಸ್‌ಪೋರ್ಟ್ ಏಜೆನ್ಸಿಗೆ ಲಾರಿ ಬಾಡಿಗೆಗೆ ಕೊಟ್ಟರೆ ಆ ಬಾಡಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ನಮ್ಮ ಆಡಿಟರ್ ಇದನ್ನು ತೋರಿಸಿಕೊಡುವವರೆಗೆ ಇಬ್ಬರು ಓನರುಗಳು ಹೆದರಿಯೇ ಗಾಡಿ ಕೊಟ್ಟಿರಲಿಲ್ಲ.

ಗಾಡಿ ತರುವ ದಿನ ಮೊಬೈಲಿನಲ್ಲಿ ಸುತ್ತಲೂ ವಿಡಿಯೋ, ಹತ್ತೂ ಟೈರು ಮತ್ತು ಸ್ಟೆಪ್ನಿಯ ನಂಬರ್, ಯಾವುದು ಒರಿಜಿನಲ್, ಯಾವುದು ರೀಬಟನ್ (ಹಳೆ ಟೈರಿಗೆ ಹೊಸ ರಬ್ಬರ್ ಹಾಕಿದ್ದು), ಟೂಲ್ಸ್, ಜಾಕ್, ಟಾರ್ಪಾಲಿನ್, ಹಗ್ಗ ಎಲ್ಲ ಒಂದು ಕಾಗದದಲ್ಲಿ. ವಾಪಸ್ ಕೊಡುವ ದಿನ ಅದೇ ಕಾಗದ ಹಿಡಿದು ಎಣಿಸುತ್ತೇವೆ. ನನ್ನ ಹತ್ತಿರ ಈಗಿರುವ ಒಂದು ಗಾಡಿ 2011ರದ್ದು, 15 ವರ್ಷಕ್ಕೆ ಬಂತು. ಅದರ ಓನರ್ ಮೊನ್ನೆ ಬಂದು ಚಾಸಿ ಕೆಳಗೆಲ್ಲ ನುಗ್ಗಿ ನೋಡಿ, "ನನ್ನತ್ರ ಇದ್ದಾಗ್ಲೂ ಹಿಂಗ್ ಇರ್ಲಿಲ್ಲ, ಇನ್ನೊಂದ್ ವರ್ಷ ನೀನೇ ಇಟ್ಕೊ" ಎಂದರು. ಆ ಗಾಡಿಗೆ ಎಫ್‌ಸಿ ಖರ್ಚು ಅರ್ಧ ನಾನು ಹಾಕುತ್ತೇನೆ, ಬಾಡಿಗೆ 4,000 ಕಮ್ಮಿ, ಕಬ್ಬಿಗೆ ಬೇಡ, ಭತ್ತಕ್ಕೆ ಮಾತ್ರ ಎಂದು ಮಾತಾಗಿದೆ. ಸ್ಟ್ಯಾಂಪ್ ಪೇಪರ್ ಬರುವ ವಾರ.