ಬ್ರೇಕ್ ಆಯಿಲ್‌ನ ಹಾನಿಯಿಂದ ಕಾರಿನ ಬಣ್ಣ ಕಾಪಾಡಿಕೊಳ್ಳುವ ಬಗೆ

ಹಳೆಯ ಕಾರಿನ ಬಾನೆಟ್ ಎತ್ತಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಅನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಕೆಳಭಾಗವನ್ನು ಗಮನಿಸಿದರೆ, ಅಲ್ಲಿನ ಬಣ್ಣ ಸುಕ್ಕುಗಟ್ಟಿ ಮೇಲೆದ್ದು, ತಗಡಿಗೆ ತುಕ್ಕು ಹಿಡಿದಿರುವುದು ಎಷ್ಟೋ ಗಾಡಿಗಳಲ್ಲಿ ಕಾಣಸಿಗುತ್ತದೆ. ಡಾಟ್ 3, ಡಾಟ್ 4 ಮತ್ತು ಡಾಟ್ 5.1 ದರ್ಜೆಯ ಬ್ರೇಕ್ ಆಯಿಲ್‌ಗಳಲ್ಲಿರುವ ಗ್ಲೈಕಾಲ್ ಈಥರ್ ಒಳ್ಳೆಯ ದ್ರಾವಕವಾದ್ದರಿಂದ, ಅದು ಬಣ್ಣದ ಪದರದೊಳಗೆ ಇಳಿದು, ಪದರವನ್ನು ಉಬ್ಬಿಸಿ, ಲೋಹದ ಹಿಡಿತದಿಂದ ಬಿಡಿಸುತ್ತದೆ. ಸ್ಪ್ರೇ ಡಬ್ಬಿಯಿಂದ ಹೊಡೆದ ಬಣ್ಣ ಬಹುಬೇಗ ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಿ ಬಿಸಿಯಲ್ಲಿ ಒಣಗಿಸಿದ ಬಣ್ಣ ಇನ್ನಷ್ಟು ಹೊತ್ತು ತಾಳುತ್ತದೆಯಾದರೂ ಅದಕ್ಕೂ ಮಿತಿಯಿದೆ. ನಮಗೆ ಅನುಕೂಲವಾಗಿರುವುದು ಒಂದೇ: ಈ ದ್ರವ ಎಂಜಿನ್ ಆಯಿಲ್‌ನಂತಲ್ಲದೆ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ಆದ್ದರಿಂದ ಬಣ್ಣದ ರಕ್ಷಣೆಯೆಲ್ಲ ನೀರನ್ನೇ ಅವಲಂಬಿಸಿದೆ.

ಸಿಲಿಕೋನ್ ಆಧಾರಿತ ಡಾಟ್ 5 ಬಣ್ಣವನ್ನು ಕೆಡಿಸುವುದಿಲ್ಲವೆಂಬುದು ನಿಜ. ಆದರೆ ಅದು ಉಳಿದ ದರ್ಜೆಗಳೊಂದಿಗೆ ಬೆರೆಯುವುದಿಲ್ಲ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳಿಗೂ ತಕ್ಕುದಲ್ಲ. ಬಣ್ಣ ಉಳಿಸುವ ಆಸೆಗೆ ಅದನ್ನು ತುಂಬಿಸಬಾರದು.

ಮಾಸ್ಟರ್ ಸಿಲಿಂಡರ್ ಮೇಲಿರುವ ಆಯಿಲ್ ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ಒಂದು ಬಕೆಟ್ ನೀರು, ಒಂದು ಮಗ್, ಸ್ವಲ್ಪ ಕಾರ್ ಶಾಂಪೂ ಮತ್ತು ಹಳೆಯ ಹತ್ತಿ ಬಟ್ಟೆಗಳು ಕೈಗೆಟಕುವಂತಿರಲಿ. ಆಯಿಲ್ ಚೆಲ್ಲಿದ ಮೇಲೆ ನಲ್ಲಿ ಹುಡುಕಿಕೊಂಡು ಓಡುವುದರಲ್ಲಿ ಅರ್ಥವಿಲ್ಲ. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೇಲೆ ಬರೀ ಬಟ್ಟೆ ಹೊದಿಸುವ ರೂಢಿ ಹಲವರಲ್ಲಿದೆ, ಆದರೆ ನನ್ನ ಪ್ರಕಾರ ಅದು ಏನೂ ಹೊದಿಸದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಬಿದ್ದ ಹನಿಯನ್ನು ಹೀರಿಕೊಂಡ ಬಟ್ಟೆ ಗಾಯಕ್ಕೆ ಕಟ್ಟಿದ ಪಟ್ಟಿಯಂತೆ ಅದನ್ನು ಬಣ್ಣಕ್ಕೆ ಒತ್ತಿ ಹಿಡಿದಿರುತ್ತದೆ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಟ್ಟೆ ಇರಬೇಕು. ಡಬ್ಬಿಯ ಕುತ್ತಿಗೆಗೂ ಒಂದು ಬಟ್ಟೆಯನ್ನು ಸುತ್ತಿ, ಆಯಿಲ್ ಅನ್ನು ನೇರವಾಗಿ ಸುರಿಯದೆ ಸ್ವಚ್ಛವಾದ ಸಣ್ಣ ಫನಲ್ ಅಥವಾ ಸಿರಿಂಜ್ ಮೂಲಕ ತುಂಬಬೇಕು.

ಹೆಚ್ಚಿನ ಹಾನಿ ಆಗುವುದು ಆಯಿಲ್ ಬದಲಿಸುವಾಗಲ್ಲ, ಬ್ರೇಕ್ ಪ್ಯಾಡ್ ಬದಲಿಸುವಾಗ. ಪ್ಯಾಡ್ ಸವೆದಂತೆ, ಅದನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ಹೊರಬರುವುದರಿಂದ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಅದನ್ನು ಕಂಡವರು ಯಾರೋ ನಡುವೆ ಒಮ್ಮೆ ಗೆರೆಯವರೆಗೆ ತುಂಬಿಸಿರುತ್ತಾರೆ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಅನ್ನು ಹಿಂದಕ್ಕೆ ಒತ್ತಿದಾಗ ಅಷ್ಟೂ ಆಯಿಲ್ ಮೇಲಕ್ಕೆ ಮರಳಿ, ಚಕ್ರದ ಬಳಿ ಕುಳಿತವರ ಕಣ್ಣಿಗೆ ಬೀಳದಂತೆ ಡಬ್ಬಿಯಿಂದ ಉಕ್ಕಿ ಹರಿಯುತ್ತದೆ. ಆದ್ದರಿಂದ ಮೊದಲೇ ಸಿರಿಂಜ್‌ನಿಂದ ಒಂದಿಷ್ಟು ಹೀರಿ ತೆಗೆದು, ನಿಧಾನವಾಗಿ ಒತ್ತುತ್ತ, ನಡುನಡುವೆ ಎದ್ದು ಮಟ್ಟವನ್ನು ನೋಡಬೇಕು. ಬೈಕ್‌ಗಳಲ್ಲಿ ಮುಂದಿನ ಬ್ರೇಕ್‌ನ ಡಬ್ಬಿ ಹ್ಯಾಂಡಲ್ ಮೇಲೆ, ಪೆಟ್ರೋಲ್ ಟ್ಯಾಂಕಿನ ಹತ್ತಿರವೇ ಇರುವುದರಿಂದ ಅಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ ಮೊದಲು ರಿಂಗ್ ಸ್ಪ್ಯಾನರ್ ಅನ್ನು, ಗಾಳಿ ಹೊರಬಿಡಲೆಂದು ಕ್ಯಾಲಿಪರ್ ಮೇಲಿರುವ ಬ್ಲೀಡರ್ ನಿಪ್ಪಲ್‌ಗೆ ಕೂರಿಸಿ, ಆಮೇಲೆ ಬಿಗಿಯಾಗಿ ಹಿಡಿಯುವ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯೊಳಗೆ ಬಿಡಬೇಕು. ಪೆಡಲ್ ಥಟ್ಟನೆ ಬಿಟ್ಟಾಗ ಮೇಲಿನ ಡಬ್ಬಿಯಿಂದಲೂ ಆಯಿಲ್ ಚಿಮ್ಮಬಹುದಾದ್ದರಿಂದ ಮುಚ್ಚಳವನ್ನು ಅದರ ಮೇಲೆ ಇರಿಸಿಯೇ ಪೆಡಲ್ ಒತ್ತಿಸಬೇಕು. ಕೆಲಸ ಮುಗಿದ ಮೇಲೆ ನಿಪ್ಪಲ್‌ನ ತೂತಿನಲ್ಲಿ ಉಳಿಯುವ ಹನಿಯನ್ನು ಟಿಶ್ಯೂ ಕಾಗದದಿಂದ ಹೀರಿಸಿ, ರಬ್ಬರ್ ಟೋಪಿ ಹಾಕಿ, ಕ್ಯಾಲಿಪರ್ ಅನ್ನು ನೀರಿನಿಂದ ತೊಳೆಯಬೇಕು. ಡಿಸ್ಕ್ ಒರೆಸಲು ಬಳಸುವ ಬ್ರೇಕ್ ಕ್ಲೀನರ್ ಕೂಡ ಬಣ್ಣವನ್ನು ಮೆತ್ತಗಾಗಿಸಬಲ್ಲದು. ಬಣ್ಣದ ಮೇಲೆ ಅದನ್ನು ಹೊಡೆಯಬಾರದು.

ಎಷ್ಟು ಜೋಪಾನ ಮಾಡಿದರೂ ಚೆಲ್ಲಿತೆನ್ನಿ. ಮೊದಲು ಡಬ್ಬಿಯ ಮುಚ್ಚಳವನ್ನು ಭದ್ರಪಡಿಸಬೇಕು, ಏಕೆಂದರೆ ಬ್ರೇಕ್ ಆಯಿಲ್‌ಗೆ ನೀರು ಸೇರಿದರೆ ಅದರ ಕುದಿಯುವ ಮಟ್ಟ ಇಳಿಯುತ್ತದೆ: ಡಾಟ್ 4ಕ್ಕೆ ನಿಗದಿಯಾದ ಕನಿಷ್ಠ ಮಟ್ಟ ಹೊಸದರಲ್ಲಿ 230 ಡಿಗ್ರಿ ಸೆಲ್ಸಿಯಸ್, ತೇವಾಂಶ ಹೀರಿದ ಮೇಲೆ 155. ಬಳಿಕ ಬಟ್ಟೆಯನ್ನು ಒತ್ತಿ ಆಯಿಲ್ ಹೀರಿಸಿ, ಧಾರಾಳವಾಗಿ ನೀರು ಸುರಿದು, ಶಾಂಪೂ ನೀರಿನಿಂದ ತೊಳೆದು, ಬೋಲ್ಟ್‌ಗಳ ಸುತ್ತಲೂ ತಗಡಿನ ಸಂದಿಗಳಲ್ಲೂ ಮತ್ತೆ ನೀರು ಹಾಯಿಸಬೇಕು. ಉಜ್ಜಬಾರದು; ಉಜ್ಜಿದರೆ ಕಲೆ ಹರಡುವುದಲ್ಲದೆ ಮೆತ್ತಗಾದ ಬಣ್ಣವೇ ಕಿತ್ತು ಬರುತ್ತದೆ. ಪೆಟ್ರೋಲ್, ಥಿನ್ನರ್‌ಗಳನ್ನು ಹತ್ತಿರ ತರಲೇಬಾರದು. ಬಣ್ಣ ಆಗಲೇ ಮೆತ್ತಗಾಗಿದ್ದರೆ ಪಾಲಿಶ್ ಮಾಡದೆ ಕೆಲವು ದಿನ ಹಾಗೆಯೇ ಬಿಡಬೇಕು, ಎಷ್ಟೋ ಸಲ ಅದು ಮತ್ತೆ ಗಟ್ಟಿಯಾಗುತ್ತದೆ. ಸುಕ್ಕುಗಟ್ಟಿದ್ದರೆ ಮಾತ್ರ ಲೋಹದವರೆಗೆ ಉಜ್ಜಿ ತೆಗೆದು ಹೊಸ ಬಣ್ಣ ಹಾಕದೆ ದಾರಿಯಿಲ್ಲ.

ಹಾಗೆ ಹೊಸದಾಗಿ ಬಣ್ಣ ಹಾಕಿಸುವಾಗ ಹಾರ್ಡನರ್ (ಬಣ್ಣ ಗಟ್ಟಿಯಾಗಿಸುವ ದ್ರವ) ಬೆರೆಸುವ ಎಪಾಕ್ಸಿ ಪ್ರೈಮರ್ ಮತ್ತು ಪಿಯು (ಪಾಲಿಯುರೆಥೇನ್) ಪೇಂಟ್ ಆರಿಸಿಕೊಳ್ಳುವುದು ಉತ್ತಮ. ಇವು ಸಾಮಾನ್ಯ ಎನಾಮೆಲ್‌ಗಿಂತ ಬಹಳ ಹೊತ್ತು ತಡೆಯುತ್ತವೆಯೇ ಹೊರತು ಶಾಶ್ವತ ರಕ್ಷಣೆ ನೀಡುವುದಿಲ್ಲ. ಪಿಯು ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಸಿಂಪಡಿಸುವ ಕೆಲಸವನ್ನು ಸೌಲಭ್ಯವಿರುವ ಪೇಂಟಿಂಗ್ ಗ್ಯಾರೇಜಿಗೆ ಬಿಡಬೇಕು. ಅದಕ್ಕೂ ಮುನ್ನ, ಮಾಸ್ಟರ್ ಸಿಲಿಂಡರ್, ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಬೂಸ್ಟರ್‌ಗೆ ಸೇರುವ ಜಾಗದಲ್ಲಿ ಒದ್ದೆ ಕಂಡರೆ ಒಳಗಿನ ಸೀಲ್ ಸೋರುತ್ತಿರುವ ಸಂಭವವಿದೆ. ಅದು ಬಣ್ಣದ ಮಾತಲ್ಲ, ಬ್ರೇಕಿನ ಮಾತು. ಗಾಡಿಯನ್ನು ರಸ್ತೆಗಿಳಿಸುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ ಸರಿಪಡಿಸಿಕೊಳ್ಳಬೇಕು.